ಜಪಾನಿಗೆ ಹೋದ ಹಾಸನದ ಕಲ್ಲು

ಹಾಸನ

ನಾನು ಜಪಾನಿಗೆ ಹೋಗಿ ಬಂದವನು ಎಂದರೆ ಚನ್ನರಾಯಪಟ್ಟಣದಲ್ಲಿ ಈಗಲೂ ಯಾರೂ ತಕ್ಷಣ ನಂಬುವುದಿಲ್ಲ. ನಂಬಿದವರು ‘ಯಾವ ಸೆಮಿನಾರಿಗೆ ಮೇಷ್ಟ್ರೇ?’ ಎಂದು ಕೇಳುತ್ತಾರೆ. ಮೀನಿನ ತೊಟ್ಟಿಯ ಸಲುವಾಗಿ ಎಂದರೆ ಮುಖ ನೋಡುತ್ತಾರೆ. ಅದರಲ್ಲೂ ಮೀನು ಮುಖ್ಯವಲ್ಲ, ಒಳಗಿನ ಕಲ್ಲು ಮುಖ್ಯ ಎಂದರೆ ಅವರಿಗೆ ಬಸ್ಸಿನ ಹೊತ್ತಾಗಿಬಿಡುತ್ತದೆ.

ಆಗ ನಾನು ಅಲ್ಲಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಹಾಸನದಲ್ಲಿ ಸೈಬರ್ ಸೆಂಟರುಗಳು ಪರದೆ ಕಟ್ಟಿಕೊಂಡು ಕೂತಿದ್ದ ಕಾಲ. ನನ್ನನ್ನು ಜಪಾನಿಗೆ ಕರೆದೊಯ್ದವರು ಚಲುವರಾಜು. ಊರು ದಂಡಿಗನಹಳ್ಳಿ, ಹಾಸನದ ಅರಕಲಗೂಡು ರಸ್ತೆಯಲ್ಲಿ ಗ್ರಾನೈಟ್ ಅಂಗಡಿ. ಅಡುಗೆಮನೆ ಕಟ್ಟೆಗೆ ಕಲ್ಲು ಕೊಯ್ದು ಕೊಡುವುದು ಅಂಗಡಿಯ ಕೆಲಸವಾದರೂ ಅವರಿಗೆ ಹೆಸರು ಬಂದದ್ದು ಶಂಕುಸ್ಥಾಪನೆಯ ಫಲಕಗಳಿಂದ. ಯಾರು ಯಾವ ಚರಂಡಿಗೆ ಅಡಿಗಲ್ಲು ಹಾಕಿದರೂ ಅಕ್ಷರ ಚಲುವರಾಜು ಅವರದೇ. ಚರಂಡಿ ಬರಲಿ ಬಿಡಲಿ, ಕಲ್ಲು ಮಾತ್ರ ನೆಟ್ಟಗೆ ರಸ್ತೆಗೆ ಮುಖ ಮಾಡಿ ನಿಂತಿರುತ್ತಿತ್ತು. ಇಂಗ್ಲಿಷ್ ಫಲಕ ಬಂದಾಗ ಸ್ಪೆಲಿಂಗ್ ನೋಡಿಸಲು ನನ್ನ ಹತ್ತಿರ ಬರುತ್ತಿದ್ದರು. ಹಾಗೆ ಸ್ನೇಹವಾಯಿತು.

ಒಂದು ದಿನ ಬೆಂಗಳೂರಿನ ಗಿರಾಕಿಯೊಬ್ಬರು ಅಂಗಡಿಯಲ್ಲಿ ಮರೆತುಹೋದ ಪತ್ರಿಕೆಯನ್ನು ನನ್ನ ಮುಂದೆ ಹಿಡಿದರು. ಅದರಲ್ಲೊಂದು ಗಾಜಿನ ತೊಟ್ಟಿಯ ಚಿತ್ರ. ಒಳಗೆ ನೀರು, ನೀರಿನ ತಳದಲ್ಲಿ ಕೆಲವು ಬಂಡೆ, ಬಂಡೆಗಳ ಬುಡದಲ್ಲಿ ಹುಲ್ಲು. ಮೀನನ್ನು ಹುಡುಕಬೇಕು.

“ಇದ್ ನೋಡಿ ಮೇಷ್ಟ್ರೇ. ನಮ್ ಜಿನನಾಥಪುರದ್ ಕಲ್ ಬೋರೆನೇ ತಂದು ನೀರೊಳಗ್ ಮಡಗವ್ರೆ.”

ಆಮೇಲಿನ ಒಂದು ವರ್ಷ ಅವರು ಪಟ್ಟ ಪಾಡನ್ನು ನಾನು ಕಣ್ಣಾರೆ ಕಂಡೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂರಡಿಯ ಗಾಜಿನ ತೊಟ್ಟಿ ಮಾಡಿಸಿದರು. ಜಿನನಾಥಪುರದ ಆಚೆಯ ಹೊಲದ ಬದುಗಳಿಂದ ಗಾಳಿಮಳೆಗೆ ಸವೆದ ಕಲ್ಲುಗಳನ್ನು ಆರಿಸಿ ತಂದರು. ಒಂದೊಂದರ ಮೇಲೂ ನಿಂಬೆಹಣ್ಣು ಹಿಂಡಿದರು. ನೊರೆ ಬಂದರೆ ಅದರಲ್ಲಿ ಸುಣ್ಣವಿದೆ, ನೀರು ಕೆಡುತ್ತದೆ, ಆಚೆಗೆ. ಅರಕಲಗೂಡು ಕಡೆಯ ಗದ್ದೆಯಿಂದ ಹುಲ್ಲಿನಂಥ ಕಳೆ ಕಿತ್ತು ತಂದು, ಚಿಮಟದಲ್ಲಿ ಹಿಡಿದು, ಒಂದೊಂದೇ ಬುಡವನ್ನು ಮಣ್ಣಿಗೆ ಚುಚ್ಚಿದರು. ಗಿಡಕ್ಕೆ ಬೇಕಾದ ಗಾಳಿಗೆಂದು ಬಾಟಲಿಯಲ್ಲಿ ಬೆಲ್ಲದ ನೀರಿಗೆ ಯೀಸ್ಟ್ ಬೆರೆಸಿ ತೊಟ್ಟಿಗೆ ಕೊಳವೆ ಬಿಟ್ಟರು. ಆ ವಾಸನೆಗೆ ಪಕ್ಕದ ಟೈರಿನಂಗಡಿಯವರು ಅಬಕಾರಿಯವರಿಗೆ ಹೇಳುವುದೊಂದು ಬಾಕಿ ಇತ್ತು. ಎರಡು ಸಲ ಎಲ್ಲವೂ ಪಾಚಿಗಟ್ಟಿ ಕೊಳೆಯಿತು. ಮೂರನೆಯ ಸಲ ಹಸಿರು ನಿಂತಿತು: ಏಳು ಕಲ್ಲು, ಅವುಗಳ ಕಾಲಡಿ ಹುಲ್ಲುಗಾವಲು, ಹೆಸರಿಗೆ ಹತ್ತು ಸಣ್ಣ ಮೀನು.

ಜಪಾನಿನಲ್ಲಿ ಇಂಥ ತೊಟ್ಟಿಗಳ ಸ್ಪರ್ಧೆಯೊಂದು ನಡೆಯುತ್ತದೆ, ಫೋಟೋ ಕಳಿಸಿದರೆ ಸಾಕು ಎಂದು ಸೈಬರ್ ಸೆಂಟರಿನಲ್ಲಿ ಗೊತ್ತಾಯಿತು. ಕಳಿಸಿದೆವು. ಮೂರು ತಿಂಗಳಾದ ಮೇಲೆ ಉತ್ತರ ಬಂತು. ಅದರಲ್ಲಿ ಇದ್ದದ್ದು ಇಷ್ಟೇ: ಸ್ಪರ್ಧೆಯ ಕೊನೆಯಲ್ಲಿ ಒಂದು ಕೂಟವಿದೆ, ಯಾರು ಎಷ್ಟನೆಯವರು ಎಂಬುದು ಅಲ್ಲೇ ತಿಳಿಯುತ್ತದೆ, ತಾವು ಬಂದರೆ ನಮಗೆ ಗೌರವ. ನಾನು ಅಂಗಡಿಯಲ್ಲಿ ನಿಂತು, ಸುತ್ತಲಿದ್ದ ನಾಲ್ಕು ಜನರಿಗೂ ಕೇಳುವಂತೆ ಹೇಳಿದೆ: “ಬನ್ನಿ ಅಂತ ಬರೆದಿದ್ದಾರೆ. ಗೌರವಿಸ್ತಾರಂತೆ.”

ಯಾರಿಗೆ ಯಾರು ಗೌರವ ಕೊಡುವುದು ಎಂಬಲ್ಲಿ ನಾನು ಸ್ವಲ್ಪ ಜಾರಿದ್ದೆ. ‘ಗೌರವಿಸ್ತಾರಂತೆ’ ಎಂಬ ಮಾತು ಅಂಗಡಿಯ ಬಾಗಿಲು ದಾಟುವಾಗ ‘ಸನ್ಮಾನ’ವಾಯಿತು. ಎರಡು ದಿನದಲ್ಲಿ ರಸ್ತೆಗೆ ಅಡ್ಡಲಾಗಿ ಬ್ಯಾನರ್ ಬಂತು: ‘ಜಪಾನ್ ದೇಶದಲ್ಲಿ ಸನ್ಮಾನಿತರಾಗುತ್ತಿರುವ ಚಲುವರಾಜು ಅವರಿಗೆ ಅಭಿನಂದನೆಗಳು.’ ಬ್ಯಾನರ್ ಕಟ್ಟುವ ಮೊದಲು ನಾನು ತಿದ್ದಬಹುದಾಗಿತ್ತು. ಆದರೆ ಅಷ್ಟರೊಳಗೆ ಚಲುವರಾಜು, “ನಂಗೆ ಇಂಗ್ಲಿಷ್ ಬರಾಕಿಲ್ಲ. ನೀವೂ ಬಂದ್ಬುಡಿ” ಎಂದಿದ್ದರು. ಅಲ್ಲಿಯವರೆಗೆ ನಾನು ಕಂಡಿದ್ದ ಅತಿ ದೂರದ ಊರು ಮದ್ರಾಸು. ತಿದ್ದಲಿಲ್ಲ.

ನರಿತಾ ವಿಮಾನ ನಿಲ್ದಾಣ

ಸನ್ಮಾನ ಮಾಡುವವರ ಮನೆಗೆ ಬರಿಗೈಲಿ ಹೋಗಬಾರದು ಎಂದು ಚಲುವರಾಜು ತಮ್ಮ ಕೈಯಾರೆ ಒಂದು ಫಲಕ ಮಾಡಿದ್ದರು. ಹಾಸನ ಗ್ರೀನ್ ಎಂದು ಹೆಸರಾದ ನಮ್ಮ ಕಡೆಯ ಕಡುಹಸಿರು ಕಲ್ಲು. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಕನ್ನಡಿಯಂಥ ಹೊಳಪು. ಅದರ ಮೇಲೆ ಕನ್ನಡದಲ್ಲಿ, ‘ಶ್ರೀಯುತ ಓನೋ ಅವರಿಗೆ, ಹಾಸನ ಜಿಲ್ಲೆಯ ಸಮಸ್ತ ಜನತೆಯ ಪರವಾಗಿ’, ಕೆಳಗೆ ತಾರೀಖು. ಓನೋ ಎಂಬುವರು ಆ ಸ್ಪರ್ಧೆಯ ಹಿರಿಯ ತೀರ್ಪುಗಾರರು. ಕಾಗದಕ್ಕೆ ಸಹಿ ಹಾಕಿದವರು. ಅಕ್ಷರಗಳಿಗೆ ಚಿನ್ನದ ಬಣ್ಣ ತುಂಬಬೇಕೆಂದಿದ್ದರು. ಡಬ್ಬಿ ಒಣಗಿಹೋಗಿದ್ದರಿಂದ ಕೆಂಪು ತುಂಬಿದರು.

ಒಂದು ಶಾಲಿನಲ್ಲಿ ಸುತ್ತಿದ ಈ ಕಲ್ಲು ಅವರ ಕೈಚೀಲದಲ್ಲಿ, ರಾಗಿ ಹುರಿಹಿಟ್ಟಿನ ಡಬ್ಬಿಯ ಕೆಳಗಿತ್ತು. ಕಸ್ಟಮ್ಸಿನ ತರುಣ ಅದನ್ನು ಎತ್ತಲು ನೋಡಿ, ಎರಡೂ ಕೈ ಹಚ್ಚಿ, ಆಮೇಲೆ ಇನ್ನಿಬ್ಬರನ್ನು ಕರೆದ. ನಾನು ನನ್ನ ಇಂಗ್ಲಿಷನ್ನು ಹೊರತೆಗೆದೆ. ಇಪ್ಪತ್ತೆರಡು ವರ್ಷ ವ್ಯಾಕರಣ ಕಲಿಸಿದ ಇಂಗ್ಲಿಷು. ಆ ಮೂವರೂ ತಲೆಯಾಡಿಸುತ್ತ, ಬಾಗುತ್ತ ಕೇಳಿಸಿಕೊಂಡರು. ನಾನು ಮುಗಿಸಿದ ಮೇಲೆ ಮತ್ತೆ ಮೊದಲಿನ ಪ್ರಶ್ನೆಯನ್ನೇ ಕೇಳಿದರು. ಕೊನೆಗೆ ಚಲುವರಾಜು ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಜೇಬಿನಿಂದ ತಮ್ಮ ತೊಟ್ಟಿಯ ಫೋಟೋ ತೆಗೆದು ಮೇಜಿನ ಮೇಲಿಟ್ಟರು.

“ನಾನ್ ಮಾಡಿದ್ದು ಸಾ. ಕಲ್ಲು, ನೀರು, ಮೀನು.”

ತರುಣ ಫೋಟೋ ನೋಡಿದ. ಅವನ ಮುಖ ಸಡಿಲವಾಯಿತು. ಉಳಿದಿಬ್ಬರಿಗೂ ತೋರಿಸಿದ. ಫಲಕವನ್ನು ಮತ್ತೆ ಶಾಲಿನಲ್ಲಿ ಸುತ್ತಿ, ಮಗುವನ್ನು ಕೊಡುವಂತೆ ಚಲುವರಾಜು ಕೈಗೆ ಕೊಟ್ಟ. ಆಮೇಲೆ ನನ್ನ ಚೀಲ ತೆಗೆದು ಉಪ್ಪಿನಕಾಯಿಯನ್ನು ಬಹಳ ಹೊತ್ತು ಪರೀಕ್ಷೆ ಮಾಡಿದ.

ಟೋಕಿಯೋ

ಅಲ್ಲಿದ್ದದ್ದು ಒಂದೇ ದಿನ. ಕಟ್ಟಡಗಳ ಎತ್ತರ, ರೈಲಿನ ವೇಗ ಇವನ್ನೆಲ್ಲ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನನಗೆ ನೆನಪಿರುವುದು ಹಸಿವು. ನಾನು ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ಹುಟ್ಟಿದವನು. ಮೊಟ್ಟೆಯನ್ನೂ ದೂರದಿಂದ ಕಂಡವನು. ಒಂದು ಹೋಟೆಲಿನಲ್ಲಿ ಬದನೆಕಾಯಿಯ ಚಿತ್ರ ತೋರಿಸಿ ತರಿಸಿಕೊಂಡೆ. ಬಂತು. ಅದರ ಮೇಲೆ ತೆಳುವಾದ ಕಂದು ಹಾಳೆಗಳು ಬಿಸಿಗೆ ಅಲ್ಲಾಡುತ್ತಿದ್ದವು. ಒಣಮೀನನ್ನು ತೆಳ್ಳಗೆ ಹೆರೆದದ್ದು ಅಂತ ಚಲುವರಾಜು ಮೂಸಿ ನೋಡಿ ಹೇಳಿದರು. ನಾನು ತಟ್ಟೆಯನ್ನು ಅವರತ್ತ ತಳ್ಳಿದೆ.

“ಅನ್ಯಾಯ ಕಣ್ ಮೇಷ್ಟ್ರೇ ನಿಮ್ದು” ಎನ್ನುತ್ತ ಅವರು ಎರಡೂ ತಟ್ಟೆ ಖಾಲಿ ಮಾಡಿದರು. ನಾನು ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡೆ. ಪಕ್ಕದ ಮೇಜಿನವರು ಅದನ್ನು ನೋಡಿದ ರೀತಿ, ನಮ್ಮ ಬೀದಿಯವರು ಒಣಮೀನನ್ನು ನೋಡುವ ರೀತಿಯೇ.

ಊಟವಾದ ಮೇಲೆ ತೊಟ್ಟಿಯ ಸಾಮಾನಿನ ಅಂಗಡಿಯೊಂದನ್ನು ಹುಡುಕಿಕೊಂಡು ಹೋದೆವು. ಆಸ್ಪತ್ರೆಯಷ್ಟು ಚೊಕ್ಕಟ, ಅಷ್ಟೇ ಮೌನ. ಗೋಡೆಯುದ್ದಕ್ಕೂ ಸಣ್ಣ ಸಣ್ಣ ಬಟ್ಟಲು, ಒಂದೊಂದರಲ್ಲೂ ಒಂದೊಂದು ಎಳೆಗಿಡ, ಅದಕ್ಕೊಂದು ಹೆಸರಿನ ಚೀಟಿ. ಚಲುವರಾಜು ಒಂದು ಬಟ್ಟಲ ಮುಂದೆ ಬಗ್ಗಿದವರು ಮೇಲೇಳಲಿಲ್ಲ.

“ಮೇಷ್ಟ್ರೇ, ಇದು ಅರಕಲಗೂಡ್ ಗದ್ದೆ ಕಳೆ.”

“ಬೇರೆ ಇರಬಹುದು, ಚಲುವರಾಜು.”

“ನಮ್ಮವ್ವ ನಲವತ್ ವರ್ಷ ಕೂಲಿ ಮಾಡಿ ಕಿತ್ ಬಿಸಾಕ್ಕಂಡ್ ಬಂದದೆ ಇದನ್ನ. ನಂಗ್ ಗೊತ್ತಾಗಾಕಿಲ್ವಾ?”

ಅಂಗಡಿಯ ಹುಡುಗಿ ಓಡಿ ಬಂದು, ಆ ಗಿಡಕ್ಕೆ ಎಷ್ಟು ಬೆಳಕು, ಎಂಥ ನೀರು, ಎಷ್ಟು ಜೋಪಾನ ಬೇಕು ಎಂಬುದನ್ನು ಕೈಸನ್ನೆಯಲ್ಲಿ ವಿವರಿಸಿದಳು. ಚಲುವರಾಜು ತಾವು ಏನೂ ಅರಿಯದವರಂತೆ ಕೊನೆಯವರೆಗೂ ಕೇಳಿಸಿಕೊಂಡರು. ಹೊರಗೆ ಬಂದ ಮೇಲೆ, “ಅವ್ವುಂಗೆ ಹೇಳಬಾರದು. ಬೇಜಾರ್ ಮಾಡ್ಕತದೆ” ಎಂದರು.

ಸಮುದ್ರದ ಪಕ್ಕದ ಊರು

ಕೂಟ ನಡೆದ ಊರಿನ ಹೆಸರನ್ನು ನಾನು ಬರೆದರೆ ತಪ್ಪು ಬರೆಯುತ್ತೇನೆ. ಸಮುದ್ರದ ಪಕ್ಕದ ಊರು. ಸ್ಟೇಷನ್ನಿನಲ್ಲಿ ಕಿಯೋಕೋ ಎಂಬ ಐವತ್ತರ ಹೆಂಗಸು ನಮ್ಮ ಹೆಸರಿನ ಹಲಗೆ ಹಿಡಿದು ನಿಂತಿದ್ದರು. ಅವರೂ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವರೇ. ಪರದೇಶದಿಂದ ಬಂದವರಿಗೆ ದುಭಾಷಿ. ಅವರ ಇಂಗ್ಲಿಷು ನನಗೆ ಅರ್ಥವಾಗುತ್ತಿತ್ತು, ನನ್ನದು ಅವರಿಗೆ ಅರ್ಥವಾಗುತ್ತಿತ್ತು. ನನ್ನ ಜೀವನದ ಸಂಪಾದನೆ ಅಷ್ಟೂ ಸಾರ್ಥಕವಾಯಿತು ಅನ್ನಿಸಿತು.

ಚಲುವರಾಜು ಸನ್ಮಾನಕ್ಕೆಂದು ಹೊಲಿಸಿದ್ದ ಕೋಟು ಹಾಕಿಕೊಂಡು ಬಂದಿದ್ದರು. ಶಾಲು ಹೊದಿಸುವಾಗ ಜಾರಬಾರದೆಂದು ಭುಜಕ್ಕೆ ಹೆಚ್ಚು ಪಟ್ಟಿ ಕೊಡಿಸಿದ್ದರು.

ಸಭಾಂಗಣದ ಗೋಡೆಯ ಮೇಲೆ ಎಲ್ಲ ದೇಶದ ತೊಟ್ಟಿಗಳ ಫೋಟೋಗಳನ್ನು ಸಾಲಾಗಿ ಅಂಟಿಸಿದ್ದರು. ಬಾಗಿಲ ಬಳಿ ಒಂದನೆಯ ಸ್ಥಾನದ್ದು, ಅಲ್ಲಿಂದ ಮುಂದಕ್ಕೆ ಕ್ರಮವಾಗಿ. ನಾವು ಅಲ್ಲಿಂದ ಶುರು ಮಾಡಿದೆವು. ಐವತ್ತರವರೆಗೆ ಚಲುವರಾಜು ಒಂದೊಂದನ್ನೂ ನಿಂತು ನೋಡಿದರು. ನೂರರ ಮೇಲೆ ನಡಿಗೆ ಬಿರುಸಾಯಿತು. ಮುನ್ನೂರಕ್ಕೆ ಒಂದು ಗೋಡೆ ಮುಗಿಯಿತು. ಐನೂರಕ್ಕೆ ಸಭಾಂಗಣವೇ ಮುಗಿದು ಕಾರಿಡಾರ್ ಬಂತು. ನಾನು ಅವರ ಮುಖ ನೋಡದೆ ಹಿಂದೆ ಹಿಂದೆ ನಡೆದೆ. ಕಾರಿಡಾರಿನ ತುದಿಯಲ್ಲಿ, ಕೈತೊಳೆಯುವ ಕೋಣೆಯ ಬಾಗಿಲಿಗೆ ಎರಡು ಮಾರು ಈಚೆ, ಜಿನನಾಥಪುರದ ಏಳು ಕಲ್ಲು ಕಂಡವು. ಎಂಟುನೂರ ಹನ್ನೆರಡು. ಸಾಲು ಅಲ್ಲಿಂದ ತಿರುವು ದಾಟಿ ಸಾವಿರದ ಮೇಲಕ್ಕೂ ಹೋಗಿತ್ತು.

“ಇದೇ ಅಲ್ವಾ” ಎಂದರು.

“ಇದೇ.”

ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮತ್ತೆ ಸಂಖ್ಯೆ ನೋಡಿದರು. “ಇವ್ರ್ ದೇಶದಲ್ಲಿ ಕೊನೆಯಿಂದ ಎಣಿಸ್ತಾರೇನೋ” ಎಂದರು. ತಮಾಷೆಗೆ ಅಂದರೋ ಆಸೆಗೆ ಅಂದರೋ ಗೊತ್ತಾಗಲಿಲ್ಲ. ನಾನು ತಿಳಿಯದು ಎಂದೆ.

ಮಧ್ಯಾಹ್ನ ಓನೋ ಅವರು ಬಂದವರೊಡನೆಲ್ಲ ಎರಡೆರಡು ನಿಮಿಷ ಮಾತಾಡಿದರು. ಎಪ್ಪತ್ತು ದಾಟಿದ ಸಣಕಲು ಮನುಷ್ಯ, ರೈತರಂಥ ಕೈ. ಚಲುವರಾಜು ಅವರ ಫೋಟೋವನ್ನು ಎದುರಿಗಿಟ್ಟುಕೊಂಡು, ಒಂದೊಂದು ಕಲ್ಲಿನ ಮೇಲೂ ಬೆರಳಿಟ್ಟು, ಏನೋ ಹೇಳಿದರು. ಕಿಯೋಕೋ ಇಂಗ್ಲಿಷಿಗೆ ತಂದರು, ನಾನು ಕನ್ನಡಕ್ಕೆ ತಂದೆ: “ಕಲ್ಲುಗಳು ಬಹಳ ಚೆನ್ನಾಗಿವೆ. ಆದರೆ ಏಳೂ ನಮ್ಮ ಕಡೆಗೇ ಮುಖ ಮಾಡಿ ನೆಟ್ಟಗೆ ನಿಂತಿವೆ. ಹೊಳೆಯಲ್ಲಿ ಕಲ್ಲು ನೀರಿನ ಕಡೆಗೆ ವಾಲುತ್ತದೆ, ದೊಡ್ಡ ಕಲ್ಲಿನ ಮಾತು ಚಿಕ್ಕದು ಕೇಳುತ್ತದೆ. ಇವು ಯಾರಾದರೂ ಬಂದು ನಮ್ಮನ್ನು ಓದಲಿ ಅಂತ ಕಾಯುತ್ತಿರುವ ಹಾಗಿವೆ.”

ಓನೋ ಅವರಿಗೆ ಚಲುವರಾಜು ಯಾವ ಕೆಲಸದವರು ಎಂದು ಯಾರೂ ಹೇಳಿರಲಿಲ್ಲ. ಚಲುವರಾಜು ತಲೆ ತಗ್ಗಿಸಿದರು. ಆಮೇಲೆ, ಬಂದ ಕೆಲಸವಾದರೂ ಆಗಲಿ ಎಂಬಂತೆ, ಶಾಲು ಬಿಚ್ಚಿ ಫಲಕವನ್ನು ಎತ್ತಿ ಕೊಟ್ಟರು.

ಸುತ್ತ ಇದ್ದವರ ಮಾತು ನಿಂತಿತು. ಏನು ಬರೆದಿದೆ ಎಂದು ಕಿಯೋಕೋ ಕೇಳಿದರು. ನಾನು ಜೋರಾಗಿ, ಹೆಮ್ಮೆಯಿಂದ ಹೇಳಿದೆ: ಮೇಲೆ ಓನೋ ಅವರ ಹೆಸರು, ನಡುವೆ ಹಾಸನದ ಸಮಸ್ತ ಜನತೆಯ ಪರವಾಗಿ ಎಂಬ ಮಾತು, ಕೆಳಗೆ ಈ ವರ್ಷದ ತಾರೀಖು. ಒಬ್ಬ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದರು. ಓನೋ ಅವರು ಮಾತ್ರ ಫಲಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಸೊಂಟ ಬಗ್ಗಿಸಿ ನಮಸ್ಕರಿಸಿ, ಉದ್ದನೆಯ ಮಾತೊಂದನ್ನು ಆಡಿದರು.

“ಏನಂತೆ?” ಎಂದೆ.

“ತುಂಬಾ ಸಂತೋಷವಾಯಿತಂತೆ” ಎಂದರು ಕಿಯೋಕೋ. ಅಷ್ಟು ಉದ್ದ ಮಾತಿಗೆ ಇಷ್ಟು ಗಿಡ್ಡ ಅರ್ಥ ಹೇಗೆ ಎಂದು ಅನ್ನಿಸಿತು. ಆದರೆ ಆ ಕಸುಬಿನ ಗುಟ್ಟು ನನಗೆ ಗೊತ್ತಿದ್ದದ್ದೇ.

ಸಂಜೆ ಊಟ. ಇಡೀ ದಿನ ಮೀನಿನ ಸುಖದುಃಖ ಮಾತಾಡಿದವರೆಲ್ಲ ಮೀನನ್ನೇ ತಿಂದರು. ಬಹುಮಾನ ಕೊಟ್ಟರು, ಚಪ್ಪಾಳೆ ತಟ್ಟಿದರು. ಚಲುವರಾಜು ಮುಂದಿನ ಸಾಲಿನಲ್ಲಿ ಕೋಟಿನ ಗುಂಡಿ ಹಾಕಿಕೊಂಡು ಕೂತಿದ್ದರು. ಕುರ್ಚಿ ಮಡಿಸುವವರು ಬಂದು ಪಕ್ಕದ ಕುರ್ಚಿ ಮಡಿಸುವವರೆಗೂ ಕೂತಿದ್ದರು.

ಅಲ್ಲೇ, ಮರುದಿನ ಬೆಳಿಗ್ಗೆ

ನಾವು ಇಳಿದುಕೊಂಡಿದ್ದ ಲಾಡ್ಜಿನ ಹಿಂದೆ ಒಂದು ಬೌದ್ಧ ದೇವಾಲಯವಿತ್ತು. ಬುದ್ಧನ ಪಟ ಚಲುವರಾಜು ಮನೆಯಲ್ಲೂ ಇದೆ. ಅವರ ಅಪ್ಪನ ಕಾಲಕ್ಕೇ ಊರ ದೇವರುಗಳನ್ನು ಬಿಟ್ಟು ಅವನ ದಾರಿ ಹಿಡಿದ ಮನೆತನ. ಬೆಳಿಗ್ಗೆ ಎದ್ದು ಕೈಮುಗಿದು ಬರುತ್ತೇನೆಂದು ಹೋದವರು ಗಂಟೆಯಾದರೂ ಬರಲಿಲ್ಲ. ಹುಡುಕಿಕೊಂಡು ಹೋದೆ.

ದೇವಾಲಯದ ಬದಿಯಲ್ಲಿ ಸ್ಮಶಾನ. ಮಟ್ಟಸವಾಗಿ ಕೊಯ್ದು ಹೊಳಪು ಕೊಟ್ಟ ಕಲ್ಲುಗಳು ಸಾಲು ಸಾಲಾಗಿ ನಿಂತಿದ್ದವು. ಒಂದು ಕಡುಹಸಿರು ಕಲ್ಲಿನ ಮುಂದೆ ಚಲುವರಾಜು ಕುಕ್ಕರುಗಾಲಲ್ಲಿ ಕೂತು, ಅಂಗೈಯಿಂದ ಅದರ ಪಕ್ಕೆ ಸವರುತ್ತಿದ್ದರು.

“ಹಾಸನ ಗ್ರೀನ್” ಎಂದರು, ನನ್ನ ಕಡೆ ತಿರುಗದೆ. “ಆ ಸಾಲಲ್ಲಿ ಇನ್ ಮೂರವೆ. ನಮ್ಮಪ್ಪ ಕ್ವಾರಿಲಿ ಕಲ್ ಒಡೀತಿದ್ದದ್ದು ಗೊತ್ತಲ್ಲ ನಿಮ್ಗೆ. ಬ್ಲಾಕ್ ಲಾರಿಗ್ ಏರ್ಸುವಾಗ ಮೇಸ್ತ್ರಿ ಬೈಯೋನು. ಇದು ಜಪಾನ್‌ಗೆ ಓಗೋ ಕಲ್ಲು, ಒಂದ್ ಗೀರ್ ಬಿದ್ರೂ ವಾಪಸ್ ಬತ್ತದೆ ಅಂತ. ಅಪ್ಪ ಮನೇಗ್ ಬಂದು ಕೇಳೋನು, ಅಷ್ಟ್ ನುಣ್ಣಗ್ ತಕಂಡು ಏನ್ಲಾ ಮಾಡ್ತಾರೆ ಅವ್ರು ಅಂತ. ಅರಮನೆ ಕಟ್ತಾರೆ ಅಂತಿದ್ದೆ ನಾನು.”

ನಾನು ಅವರ ಪಕ್ಕದಲ್ಲಿ ಕೂತೆ.

“ಅಪ್ಪನ್ ಮಣ್ ಮಾಡಿದ್ ಜಾಗದಲ್ಲಿ ಒಂದ್ ಕಲ್ಲೂ ಇಲ್ಲ ಮೇಷ್ಟ್ರೇ. ಊರ್ ಚರಂಡಿಗೆಲ್ಲ ಕಲ್ ಕೆತ್ತಿ ನಿಲ್ಸಿದೆ.” ಆಮೇಲೆ ಆ ಹಸಿರು ಕಲ್ಲನ್ನು ಮೇಲಿಂದ ಕೆಳಗೆ ನೋಡಿದರು. ಹೆಸರು, ತಾರೀಖು, ಹೊಳಪು. ಅವರ ಮುಖ ಬದಲಾಯಿತು. “ನಿನ್ನೆ ಆ ವಯ್ಸಾದೋರಿಗೆ ನಾನ್ ಏನ್ ಕೊಟ್ಟೆ?”

ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

“ಒಂದ್ ಮಾತ್ ಕೇಳ್ತೀನಿ. ಆ ಕಾಗದದಲ್ಲಿ ಸನ್ಮಾನ ಅಂತ ಇತ್ತಾ?”

ಇರಲಿಲ್ಲ ಎಂದೆ. ಇದ್ದದ್ದು ಏನು ಎಂದೂ, ಅಂಥ ಕಾಗದ ಫೋಟೋ ಕಳಿಸಿದವರಿಗೆಲ್ಲ ಹೋಗಿತ್ತು ಎಂದೂ, ಅದು ನನಗೆ ಹಾಸನದಲ್ಲೇ ಹೊಳೆದಿತ್ತು ಎಂದೂ ಹೇಳಿದೆ. ಯಾಕೆ ಹೇಳಲಿಲ್ಲ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ, ನನಗೆ ವಿಮಾನ ಹತ್ತುವ ಆಸೆಯಾಗಿತ್ತು ಎಂದು ಹೇಳಬೇಕಾಗುತ್ತಿತ್ತು.

“ನೀವು ಒಂದ್ ಪದ ಸೇರ್ಸಿದ್ರಿ. ನಾನು ಇಡೀ ಜಿಲ್ಲೆನೇ ಸೇರ್ಸ್‌ಬುಟ್ಟೆ” ಎಂದು ಎದ್ದು, ನನಗಾಗಿ ಕಾಯದೆ ಲಾಡ್ಜಿನ ಕಡೆ ನಡೆದರು.

ಓನೋ ಅವರ ಕೊಟ್ಟಿಗೆ

ಆ ಬೆಳಿಗ್ಗೆ ಹತ್ತಕ್ಕೆ ಓನೋ ಅವರು ತಮ್ಮ ತೊಟ್ಟಿಗಳನ್ನು ತೋರಿಸಲು ಕರೆದಿದ್ದರು. ಚಲುವರಾಜು ಬರುವುದಿಲ್ಲವೆಂದರು. ಕಿಯೋಕೋ ಬಂದಾಗ ನಾನು ಸ್ಮಶಾನದ ಸಂಗತಿ ಹೇಳಿದೆ. ಅವರು ಒಂದು ಗಳಿಗೆ ಯೋಚಿಸಿ, ನಿನ್ನೆ ತಾವು ನುಂಗಿಕೊಂಡ ಮಾತನ್ನು ಹೊರಗಿಟ್ಟರು. ಅವರ ದೇಶದಲ್ಲಿ ಕೆಲವರು ಬದುಕಿರುವಾಗಲೇ ತಮ್ಮ ಗೋರಿಗಲ್ಲು ಮಾಡಿಸಿಡುತ್ತಾರಂತೆ. ಹಾಗೆ ಮಾಡಿಸಿದಾಗ ಬದುಕಿರುವವರ ಹೆಸರಿಗೆ ಕೆಂಪು ಬಣ್ಣ ತುಂಬುತ್ತಾರೆ. ತೀರಿಕೊಂಡ ಮೇಲೆ ಆ ಕೆಂಪನ್ನು ತೆಗೆಯುತ್ತಾರೆ. ಓನೋ ಅವರು ಹೇಳಿದ್ದು ಇದು: ‘ಹಾಸನ ಎಂಬ ಊರಿನ ಸಮಸ್ತ ಜನ ಸೇರಿ ನನ್ನ ಗೋರಿಗಲ್ಲು ಕಳಿಸಿದ್ದಾರೆ. ಆದರೆ ಕೆಂಪು ತುಂಬಿದ್ದಾರೆ. ಇನ್ನೂ ಕೆಲವು ದಿನ ಇರಲಿ ಎಂಬುದು ಅವರ ಇಷ್ಟ. ಅವರಿಗೆ ನನ್ನ ವಂದನೆ.’

ಇದನ್ನು ನಾನು ಒಂದು ಪದವನ್ನೂ ಕೂಡಿಸದೆ ಕನ್ನಡದಲ್ಲಿ ಹೇಳಿದೆ. ಚಲುವರಾಜು ನನ್ನನ್ನು ಅನುಮಾನದಿಂದ ನೋಡಿದರು. ಆಮೇಲೆ ಕಿಯೋಕೋ ಮುಖ ನೋಡಿ, ಎದ್ದು ಕೋಟಿಲ್ಲದೆ ಹೊರಟರು.

ಮನೆಯ ಹಿಂದಿನ ಕೊಟ್ಟಿಗೆಯೇ ಓನೋ ಅವರ ಕೆಲಸದ ಜಾಗ. ಫಲಕವನ್ನು ಅವರು ಒಂದು ಮರದ ಕಟ್ಟೆಯ ಮೇಲೆ ಅಂಗಾತ ಮಲಗಿಸಿ, ಅದರ ಮೇಲೆ ಪುಟ್ಟ ಗಾಜಿನ ತೊಟ್ಟಿಯೊಂದನ್ನು ಆಗಲೇ ಕೂರಿಸಿದ್ದರು. ನೀರಿನೊಳಗಿಂದ ನೋಡಿದರೆ ಕನ್ನಡದ ಕೆಂಪು ಅಕ್ಷರಗಳು ಅಲ್ಲಾಡುತ್ತಿದ್ದವು.

ಚಲುವರಾಜು ಕ್ಷಮೆ ಕೇಳಲು ಬಾಯಿ ತೆರೆದವರು ಅಪ್ಪನ ಕಥೆ ಹೇಳಿದರು. ಕ್ವಾರಿ, ಮೇಸ್ತ್ರಿ, ಗೀರು, ಲಾರಿ. ಅದು ಎರಡು ಭಾಷೆ ದಾಟಿ ಓನೋ ಅವರಿಗೆ ಮುಟ್ಟುವುದು ತಡವಾಗುತ್ತಿತ್ತು. ಕಥೆ ಮುಗಿದ ಮೇಲೂ ಅವರು ಸುಮ್ಮನೆ ತಲೆಯಾಡಿಸುತ್ತಿದ್ದರು. ಕೊನೆಗೆ ಒಂದು ಮರಳಿನ ತಟ್ಟೆ ತಂದಿಟ್ಟು, ಕಲ್ಲಿನ ಬುಟ್ಟಿಯನ್ನು ಚಲುವರಾಜು ಕಡೆ ಸರಿಸಿದರು.

ಚಲುವರಾಜು ಒಂದು ದೊಡ್ಡ ಕಲ್ಲು ಆರಿಸಿದರು. ಅಭ್ಯಾಸದಂತೆ ಮುಂದಕ್ಕೆ ಮುಖ ಮಾಡಿ ನಿಲ್ಲಿಸಿದರು. ನೋಡಿದರು. ಆಮೇಲೆ ಅದನ್ನು ಆಚೆಗೆ ತಿರುಗಿಸಿ, ಬುಡದ ಮರಳು ಕೆದಕಿ, ಒಂದು ಪಕ್ಕಕ್ಕೆ ವಾಲಿಸಿದರು. ಇನ್ನೂ ನಾಲ್ಕನ್ನು ಆರಿಸಿ ಅದರ ವಾಲಿಗೆ ಹೊಂದಿಸಿದರು. ಓನೋ ಅವರು ಬಹಳ ಹೊತ್ತು ನೋಡಿ, ಎರಡನ್ನು ಎತ್ತಿ ಬುಟ್ಟಿಗೆ ಹಾಕಿದರು.

“ಇದ್ದ ಐದ್ರಲ್ಲಿ ಎರಡ್ನ ಕಿತ್ತಾಕ್ಬುಟ್ಟ ಯಜಮಾನ” ಎಂದು ಚಲುವರಾಜು ನನ್ನತ್ತ ತಿರುಗಿದರು. ಸ್ಮಶಾನದಿಂದ ಬಂದ ಮೇಲೆ ಅವರು ತಾವಾಗಿ ನನ್ನೊಡನೆ ಆಡಿದ ಮೊದಲ ಮಾತು ಅದು.

ಮತ್ತೆ ಹಾಸನ

ಜಪಾನಿನಲ್ಲಿ ಆಗದ ಸನ್ಮಾನ ಹಾಸನದಲ್ಲಿ ಆಯಿತು. ಬೇಡವೆಂದರ್ಥವಾಗುವ ಕನ್ನಡವನ್ನು ಚಲುವರಾಜು ಎಷ್ಟು ಬಗೆಯಲ್ಲಿ ಆಡಿದರೂ ಬ್ಯಾನರ್ ಕಟ್ಟಿಸಿದ್ದ ಸನ್ಮಾನ ಸಮಿತಿಯವರು ಅದನ್ನು ವಿನಯವೆಂದೇ ತಿಳಿದರು. ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಮುಗಿದು ಮೈಕು ಕೈಗೆ ಬಂದಾಗ ಅವರು ನಿಜ ಹೇಳಿಯೇಬಿಟ್ಟರು.

“ಅಲ್ಲಿ ನಂಗ್ಯಾರೂ ಸನ್ಮಾನ ಮಾಡ್ಲಿಲ್ಲ. ಸಾವಿರದ ಚಿಲ್ಲರೆ ಜನದಲ್ಲಿ ನಂದು ಎಂಟುನೂರ ಹನ್ನೆರಡು ಬಂತು.”

ಸಭೆ ಒಂದು ಗಳಿಗೆ ಲೆಕ್ಕ ಹಾಕಿತು. ಆಮೇಲೆ ಚಪ್ಪಾಳೆ ಶುರುವಾಗಿ ನಿಲ್ಲಲೇ ಇಲ್ಲ. ಅಧ್ಯಕ್ಷರು ಎದ್ದು, ಸಾವಿರಕ್ಕೆ ಎಂಟುನೂರ ಹನ್ನೆರಡು ಅಂಕ ಎಂದರೆ ನಮ್ಮ ಜಿಲ್ಲೆಯ ಮಕ್ಕಳು ಎಸ್ಸೆಸ್ಸೆಲ್ಸಿಯಲ್ಲೂ ಕಾಣದ ಡಿಸ್ಟಿಂಕ್ಷನ್, ಅದೂ ಪರದೇಶದ ಪರೀಕ್ಷೆಯಲ್ಲಿ ಎಂದು ಕೊಂಡಾಡಿದರು. ನಾನು ವೇದಿಕೆಯ ಕೆಳಗಿಂದ ಎದ್ದು ತಿದ್ದಲು ಹೋದೆ. ಚಲುವರಾಜು ಕೈಯಾಡಿಸಿ ಕೂರಿಸಿದರು.

ದಂಡಿಗನಹಳ್ಳಿ

ಅದಾದ ಮೇಲಿನ ಒಂದು ಭಾನುವಾರ ಅವರು ನನ್ನನ್ನು ಊರಿಗೆ ಕರೆದರು. ಅವರ ತುಂಡು ಹೊಲದ ಅಂಚಿನಲ್ಲಿ, ಬಂಡಿಜಾಡಿನ ಪಕ್ಕ, ಅಪ್ಪನನ್ನು ಮಣ್ಣು ಮಾಡಿದ ಜಾಗ. ಟ್ರ್ಯಾಕ್ಟರಿನಲ್ಲಿ ಒಂದು ಕಲ್ಲು ತರಿಸಿದ್ದರು: ಎದೆಮಟ್ಟದ್ದು, ಉಳಿ ತಾಗದ್ದು, ಮಳೆಗೆ ಸವೆದು ಒಂದು ಕಡೆ ಬೆನ್ನು ಬಂದದ್ದು. ನಾಲ್ಕಾಳು ಸೇರಿ ಅದನ್ನು ಗುಂಡಿಗೆ ಇಳಿಸಿದರು. ಚಲುವರಾಜು ಅದನ್ನು ಜಾಡಿಗೆ ಮುಖ ಮಾಡದೆ ಹೊಲದ ಕಡೆಗೆ ತಿರುಗಿಸಿ, ಸ್ವಲ್ಪ ವಾಲಿಸಿ, ಬುಡ ತುಂಬಿಸಿದರು.

“ಹೆಸರು ಬೇಡವೇ?” ಎಂದೆ. ಜಿಲ್ಲೆಯ ಅರ್ಧ ಹೆಸರು ಕೆತ್ತಿದ ಕೈ ಅದು.

“ಅಪ್ಪುಂಗೆ ಓದಕ್ ಬತ್ತಿರಲಿಲ್ಲ” ಎಂದರು.

ಎರಡು ಮೂರು ತಿಂಗಳು ಬಿಟ್ಟು ನಾವಿಬ್ಬರೂ ಅದೇ ಜಾಡಿನಲ್ಲಿ ಹೋಗುತ್ತಿದ್ದೆವು. ದೂರದಿಂದಲೇ ಕಲ್ಲಿನ ಬಣ್ಣ ಬೇರೆ ಕಂಡಿತು. ಹತ್ತಿರ ಹೋದರೆ, ಮೈತುಂಬ ಅರಿಸಿನ, ನಡುವೆ ಕುಂಕುಮ, ನೆತ್ತಿಯ ಮೇಲೆ ಕಣಗಿಲೆ ಹೂ. ಆಚೆ ಊರಿನ ಒಬ್ಬಾಕೆ ಹಿತ್ತಾಳೆ ಚೊಂಬಿನಲ್ಲಿ ನೀರು ತಂದು ಕಲ್ಲನ್ನು ತೊಳೆಯುತ್ತಿದ್ದಳು. ಚಲುವರಾಜು ಬದುವಿನ ಮೇಲೇ ನಿಂತರು. ನಾನು ಮುಂದೆ ಹೋಗಿ, ಯಾವ ದೇವರಮ್ಮ ಎಂದು ಕೇಳಿದೆ.

“ಯಸರು ಗೊತ್ತಿಲ್ಲ ಸ್ವಾಮಿ. ತಾನಾಗೇ ಎದ್ದದ್ದಂತೆ. ಬೋ ಸತ್ಯ ಅದೆ. ನಮ್ಮೆಮ್ಮೆ ಈಯಕ್ ಆಗ್ದೆ ಮೂರ್ ದಿನ ಒದ್ದಾಡ್ತು. ಇಲ್ಲಿಗ್ ಬಂದು ಅರಕೆ ಕಟ್ಕಂಡೆ, ಸರೀಗಾಯ್ತು.”

ನಾನು ಹಿಂದಿರುಗಿ ಬಂದು ಚಲುವರಾಜು ಅವರಿಗೆ ಹೇಳಿದೆ. ದೇವರನ್ನು ಬಿಟ್ಟು ಒಂದು ತಲೆಮಾರಾದ ಮನೆ. “ಹೇಳಿಬಿಡೋಣ, ಚಲುವರಾಜು. ಯಾರದು ಅಂತ ತಿಳಿದರೆ ಅವರೇ ನಿಲ್ಲಿಸ್ತಾರೆ” ಎಂದೆ. ಅಂದ ಮೇಲೆ ಆ ಮಾತಿನ ಅರ್ಥ ನನಗೆ ಹೊಳೆಯಿತು.

ಅವರು ಆ ಹೆಂಗಸಿನ ಕೈಯನ್ನೇ ನೋಡುತ್ತಿದ್ದರು.

“ಬುಡಿ ಮೇಷ್ಟ್ರೇ. ಅಪ್ಪ ಇವ್ರೂರ್ಗೆ ಕಲ್ ಒಡೆಯಕ್ ಓದಾಗ, ಬೊಗಸೆ ಒಡ್ಡಿ ಕುಂತ್ರೆ ಮಾರುದ್ದ ಮೇಲಿಂದ ನೀರ್ ಉಯ್ತಿದ್ರು, ಚೊಂಬು ತಾಕ್ಬಾರದು ಅಂತ. ಈಗ ಮುಟ್ಟಿ ತೊಳೀತಾವ್ರೆ. ತೊಳೀಲಿ.”

ಹಾಗೆ ನೀರು ಹೊಯ್ಯುವುದನ್ನು ನಾನೂ ಚಿಕ್ಕಂದಿನಲ್ಲಿ ನಮ್ಮ ಬೀದಿಯಲ್ಲಿ ಕಂಡಿದ್ದೆ. ಹೊಯ್ಯುತ್ತಿದ್ದದ್ದು ನಮ್ಮ ಮನೆಯವರೇ. ಇಬ್ಬರೂ ಬದುವಿನ ಮೇಲೆ ನಿಂತೇ ಇದ್ದೆವು. ಆಕೆ ಅವಸರವಿಲ್ಲದೆ, ಕಲ್ಲಿನ ಬೆನ್ನನ್ನೂ ಬಿಡದೆ ತೊಳೆದು, ಸೆರಗಿನಿಂದ ಒರೆಸಿದಳು.